ತೊಟ್ಟಿಲ ಬಳಿ ಹೇಳುವ ಗೇಟಿನ ಕತೆ

ರಾಣೆಬೆನ್ನೂರು
೨೧೫೧, ಬೇಸಿಗೆಯ ಏಳನೆಯ ತಿಂಗಳು

ಗುರುಸಿದ್ದಜ್ಜನವರಿಗೆ ಹಂಪವ್ವ ಮಾಡುವ ನಮಸ್ಕಾರಗಳು.

ನೀವು ಆರೋಗ್ಯವೇ? ನಿಮ್ಮ ಮನೆಯಾಕೆ ನೀಲಾಂಬಿಕಜ್ಜಿಯ ಮಂಡಿನೋವು ಹೇಗಿದೆ? ನಿಮ್ಮ ಮಗ ಚನ್ನವೀರನಿಗೆ ಹದಿಮೂರು ತುಂಬಿತಲ್ಲ, ಹೊಟ್ಟೆತುಂಬ ಉಣ್ಣುತ್ತಾನೆಯೇ? ನೂರಿಪ್ಪತ್ತೈದು ವರ್ಷ ಹಿಂದಿರುವ ನಿಮಗಿನ್ನೂ ನಲವತ್ತು, ನನಗೆ ಎಪ್ಪತ್ತೆರಡು. ಆದರೂ ನೀವು ನನ್ನ ಅಜ್ಜನ ತಂದೆ, ಬಾಗಲೇಬೇಕು. ಅಕ್ಷರ ನಾನೇ ಕಲಿತದ್ದು. ನಮ್ಮ ಕಾಲದ ಮಾತು ವಿಚಿತ್ರವೆನಿಸಿದರೆ ಮನ್ನಿಸಿ.

ಇಲ್ಲಿ ಹಗಲು ಹನ್ನೊಂದರಿಂದ ಐದರವರೆಗೆ ಸುಡುಹೊತ್ತು. ಆಗ ಮನೆಯಲ್ಲಿ ಇರಲಾಗದು. ಓಣಿಗೊಂದು ತಂಪುಮನೆ ಇದೆ, ನೆಲದಡಿ ತೋಡಿದ್ದು. ಅಲ್ಲೇ ಕೂತು ರೊಟ್ಟಿಗಂಟು ಬಿಚ್ಚುತ್ತೇವೆ, ಸೊಪ್ಪು ಸೋಸುತ್ತೇವೆ, ಜಗಳವನ್ನೂ ಆಡುತ್ತೇವೆ. ಕೂಸು, ಬಸುರಿ, ಮುದುಕರು ಮೊದಲು ಇಳಿಯಬೇಕು. ಬಾಗಿಲು ಕಾಯುವವರು ಎಲ್ಲರನ್ನೂ ಇಳಿಸಿ ಕೊನೆಗೆ ತಾವು.

ಸೋಮವಾರ ನನ್ನ ಮೊಮ್ಮಗ ಕೊಟ್ರೇಶಿ, ಹದಿನೈದರ ಹುಡುಗ, ಸಾಲು ಮುರಿದು ನುಗ್ಗಿದ. ಬಾಗಿಲಲ್ಲಿದ್ದ ಬೀಬಿಜಾನ್, "ನಿಲ್ಲೋ ತಮ್ಮಾ, ಬಸುರಿ ಇಳೀಲಿ" ಅಂದಳು. "ಗೇಟು ಇರಾದು ಕುರಿಗೆ ಬೇ, ನಮಗಲ್ಲ!" ಎಂದು ಇವನು ಆ ಮುದುಕಿಯನ್ನು ಬಿಸಿಲಿಗೆ ತಳ್ಳಿದ. ಸೊಂಟ ಮುರಿದು ಮಲಗಿದ್ದಾಳೆ. ಅವನಪ್ಪ, ನನ್ನ ಮಗ, ಮೀಸೆಯಡಿ ನಕ್ಕ: "ನಮ್ಮ ರಕ್ತ ನೋಡಬೇ ಯವ್ವಾ!"

ಅಜ್ಜ, ಕೊಟ್ರೇಶಿ ಗೇಟು ಎಂಬುದನ್ನೇ ಕಂಡವನಲ್ಲ. ಆ ಮಾತು ನಿಮ್ಮದು. ಮೊನ್ನೆ ನೀವು ಮುಚ್ಚಿದ ರೈಲ್ವೆ ಗೇಟಿನಲ್ಲಿ ಕಾವಲಿನ ದುರುಗಪ್ಪನ ಕಪಾಳಕ್ಕೆ ಹೊಡೆದು, ಗೇಟು ಎತ್ತಿಸಿ, ಬೈಕಿನ ಹಿಂದೆ ಕೂತಿದ್ದ ಚನ್ನವೀರನಿಗೆ ಹೇಳಿದ ಮಾತು. ನಮ್ಮ ಮನೆಯಲ್ಲಿ ಕೂಸಿಗೆ ಹೆಸರಿಡುವ ದಿನ ಹಿರಿಯ ಗಂಡಸು ತೊಟ್ಟಿಲ ಬಳಿ ನಿಂತು ಆ ಕತೆ ಹೇಳುವುದು ಪದ್ಧತಿ. ಕೂಸು ಬೆಚ್ಚಿ ಅಳುವಷ್ಟು ಎಲ್ಲರೂ ನಗುತ್ತಾರೆ. ಅದನ್ನು ಹೇಳಿಕೊಂಡೇ ಚನ್ನವೀರಜ್ಜ ಊರಿನೊಂದಿಗೆ ಹೊಡೆದಾಡಿದ. ಕೇಳಿ ಬೆಳೆದ ನನ್ನಪ್ಪ ಪಕ್ಕದವರ ನೀರಿನ ಪೈಪು ಒಡೆದ. ಯಾರೂ ಯಾರಿಗೂ ಹೀಗೆ ಮಾಡೆಂದು ಕಲಿಸಲಿಲ್ಲ, ನಕ್ಕರು ಅಷ್ಟೇ.

ಶುಕ್ರವಾರ ಓಣಿಯ ಕೂಟವಿದೆ. ನಮ್ಮಲ್ಲಿ ಜೈಲಿಲ್ಲ, ತಪ್ಪು ಮಾಡಿದವರ ನೆರಳು ತೆಗೆಯುತ್ತಾರೆ, ಅಂದರೆ ಬೇಸಿಗೆ ಮುಗಿಯುವವರೆಗೂ ತಂಪುಮನೆಗೆ ಬಿಡುವುದಿಲ್ಲ. ಹುಡುಗ ಉಳಿಯಲಾರ. ಬೀಬಿಜಾನಳ ಕಾಲು ಹಿಡಿದರೆ ಕೂಟ ಕರಗೀತು. ಅವನು ಒಲ್ಲೆನೆನ್ನುತ್ತಾನೆ. "ಗುರುಸಿದ್ದಜ್ಜ ಯಾರ ಕಾಲಿಗೆ ಬಿದ್ದಿದ್ದ, ಹೇಳಬೇ ಅಜ್ಜೀ?" ಎಂದು ನನ್ನನ್ನೇ ಕೇಳುತ್ತಾನೆ. ಅದಕ್ಕೇ ಈ ಕಾಗದ.

ನಾಳೆ ಬೆಳಿಗ್ಗೆ ಚನ್ನವೀರನ ಕೈ ಹಿಡಿದು ಗೇಟಿಗೆ ಹೋಗಿ. ಮಗನ ಕಣ್ಣೆದುರೇ ದುರುಗಪ್ಪನಿಗೆ ತಪ್ಪಾಯಿತೆನ್ನಿ. ಅವನು ಬೈದರೆ ಬೈಗುಳವನ್ನೂ ಬಿಡದೆ ಬರೆಯಿರಿ, ಸುಳ್ಳು ಬೆರೆಸಬೇಡಿ. ಕೊಟ್ರೇಶಿ ಮೂಸಿಯೇ ಹಿಡಿಯುತ್ತಾನೆ. ನನ್ನ ಮಾತಿಗೆ ಅವನು ಬಗ್ಗುವುದಿಲ್ಲ, ನಿಮ್ಮದಕ್ಕೆ ಬಗ್ಗಿಯಾನು. ಶುಕ್ರವಾರದೊಳಗೆ ನಿಮ್ಮ ಕೈಬರಹ ಮುಟ್ಟಬೇಕು. ಬೇಗ ಬರೆಯಿರಿ, ಅಜ್ಜ.

ನಿಮ್ಮ ಮರಿಮಗಳು,
ಹಂಪವ್ವ