ಸರೇಸು ಮತ್ತು ಅಂಟಿನ ಉಂಡೆ

ಬಾದಾಮಿ
೧೨ ಜನವರಿ ೨೦೨೫

ಇಳಕಲ್ಲಿನಲ್ಲಿ ಬಾಣಂತನದ ಸಿಂಹಾಸನವೇರಿ ಕುಳಿತಿರುವ ಅಕ್ಕ ಶುಭದಾಳ ಪಾದಗಳಿಗೆ, ಬೆರಳೆಲ್ಲ ಸುಟ್ಟುಕೊಂಡ ತಂಗಿಯ ದೀರ್ಘದಂಡ ನಮಸ್ಕಾರಗಳು.

ಈ ಪತ್ರದ ಜೊತೆ ಬಂದ ಡಬ್ಬಿಯಲ್ಲಿ ಅಂಟಿನ ಉಂಡೆಗಳಿವೆ. ಓದಿ ಮುಗಿಸುವವರೆಗೆ ಬಾಯಿಗೆ ಹಾಕಬೇಡ. ಹೆದರಬೇಡ, ಉಂಡೆಗಳು ನಿರ್ದೋಷಿಗಳು. ಆದರೆ ಅವಕ್ಕೊಂದು ಚರಿತ್ರೆಯಿದೆ. ಫೋನಿನಲ್ಲಿ ಹೇಳೋಣವೆಂದರೆ ಅಜ್ಜಿ ಸ್ಪೀಕರ್ ಹಾಕಿಸದೆ ಬಿಡುವುದಿಲ್ಲ.

ಅವ್ವ ನಿನ್ನ ಸೇವೆಗೆಂದು ಅಲ್ಲಿಗೆ ಬಂದಮೇಲೆ ಹಗಲೆಲ್ಲ ಈ ಮನೆಯಲ್ಲಿ ನಾನು, ಅಜ್ಜಿ, ಮತ್ತು ನಾನು ಕಟ್ಟುತ್ತಿರುವ ವಯೊಲಿನ್. ಈ ವಾರ ಪಕ್ಕೆಗಳ ಪರ್ವ. ವಯೊಲಿನ್ನಿನ ಎದೆಗೂ ಬೆನ್ನಿಗೂ ನಡುವೆ ಸುತ್ತಲೂ ನಿಲ್ಲುವ ತೆಳ್ಳನೆಯ ಮರದ ಪಟ್ಟಿಗಳೇ ಪಕ್ಕೆಗಳು. ಹಪ್ಪಳಕ್ಕಿಂತ ತುಸು ದಪ್ಪ. ಒದ್ದೆ ಮಾಡಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ, ಮರ ತಾನಾಗಿ ಮೆತ್ತಗಾಗುವವರೆಗೆ ಕಾಯಬೇಕು. ಅವಸರ ಮಾಡಿದರೆ ಚಟ್! ಹಾಗೆ ಹುತಾತ್ಮರಾದ ಪಟ್ಟಿಗಳನ್ನು ಉರಿಸಿ ಅಜ್ಜಿ ನೀರು ಕಾಯಿಸಿಕೊಂಡಿದ್ದಾಳೆ. ಕಡೆಗೆ, ಸೊಂಟದ ಬಾಗಿಗೆ ಒಂದೇ ಪಟ್ಟಿ ಉಳಿಯಿತು. ಅಂಥ ಮರ ಮತ್ತೆ ಸಿಗುವ ಭರವಸೆ ಇರಲಿಲ್ಲ.

ಅಂಟಿಸಲು ಬೇಕಾದದ್ದು ಸರೇಸು, ಅಂದರೆ ತೊಗಲು ಕುದಿಸಿ ತೆಗೆದ ಅಂಟು. ಮುಂದೆ ರಿಪೇರಿ ಬಂದರೆ ಬಿಸಿನೀರು ತಾಗಿಸಿದಾಗ ಬಿಟ್ಟುಕೊಡುತ್ತದೆ, ಅದಕ್ಕೇ ಅದೇ ಆಗಬೇಕು. ಗೆಳತಿ ಜಾಸ್ಮಿನಳ ಅಪ್ಪ ತಮ್ಮ ಫರ್ನಿಚರ್ ಅಂಗಡಿಯಿಂದ ಒಂದು ಪೊಟ್ಟಣ ಕೊಟ್ಟರು. ಜೇನಿನ ಬಣ್ಣದ ಹರಳುಗಳು. ಚರ್ಮದ ಪರ್ಸನ್ನೂ ಅಡುಗೆಮನೆಯ ಹೊಸ್ತಿಲು ದಾಟಗೊಡದ ಅಜ್ಜಿ, "ಏನವ್ವಾ ಅದು?" ಎಂದಳು. ನಾನು ಸತ್ಯಕ್ಕೆ ಅರ್ಧ ದಿನದ ರಜೆ ಕೊಟ್ಟು, "ಗಿಡದ್ದು, ಅಜ್ಜಿ. ಜಾಲಿ ಗಿಡದ್ದು" ಎಂದೆ. ಬಾಣಂತಿಯ ಉಂಡೆಗೆ ತುಪ್ಪದಲ್ಲಿ ಹುರಿದು ಹಾಕುವ ಅಂಟೂ ಜಾಲಿ ಗಿಡದ್ದೇ ಎಂಬುದು ಆಗ ನೆನಪಾಗಲಿಲ್ಲ.

ನಿನ್ನೆ ಮಧ್ಯಾಹ್ನ ಆ ಕೊನೆಯ ಪಟ್ಟಿ ಒಡೆಯದೆ ಬಾಗಿತು. ಬಿಸಿ ಸರೇಸು ಹಚ್ಚಿ, ಪಕ್ಕೆಗಳಿಗೆ ಆಕಾರ ಕೊಡುವ ಅಚ್ಚಿನ ಮೂಲೆಯ ಮರದ ತುಂಡಿಗೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಬಟ್ಟೆಗೆ ಹಾಕುವ ಕ್ಲಿಪ್ಪುಗಳೆಲ್ಲ ಮಿಕ್ಕ ಪಕ್ಕೆಗಳನ್ನು ಕಚ್ಚಿ ಕುಳಿತಿದ್ದವು. ಆಗ ಅಡುಗೆಮನೆಯಿಂದ ಅಜ್ಜಿಯ ದನಿ:

"ಸಂಪೀ, ಉಂಡಿಗೆ ಅಂಟು ಕಡಿಮಿ ಬಿತ್ತು. ನಿನ್ನ ಪೊಟ್ಟಣದಾಗಿಂದು ಒಂದ್ ಮುಟಗಿ ತೊಗೊಂಡೇನಿ. ತುಪ್ಪ ಕಾದದ, ಬಿಡ್ತೇನಿ ನೋಡು."

ಅಕ್ಕಾ, ನನ್ನ ಸ್ಥಿತಿಯನ್ನು ಅವಲೋಕಿಸು. ಕೈ ಬಿಟ್ಟು ಓಡಿದರೆ ಪಟ್ಟಿ ಸಿಡಿದು ಮುರಿಯುತ್ತದೆ. ಬಾಯಿ ಮುಚ್ಚಿಕೊಂಡರೆ ನೀನು ತೊಗಲು ತಿನ್ನುತ್ತೀ. ಬಾಯಿ ಬಿಟ್ಟರೆ ವಯೊಲಿನ್ ಬೀದಿಗೆ, ಅದರ ಬೆನ್ನಿಗೆ ನಾನು.

"ಬ್ಯಾಡಜ್ಜೀ! ಅದು ತೊಗಲಿಂದು!"

ಒಲೆ ಆರಿಸಿದ ಸದ್ದು ಕೇಳಿಸಿತು. ಆಮೇಲೆ ಬಾಗಿಲಲ್ಲಿ ಅಜ್ಜಿ. ಒಂದು ಕೈಯಲ್ಲಿ ಕರಿಯುವ ಝಾರಿ, ಇನ್ನೊಂದರಲ್ಲಿ ಬಿಗಿದ ಮುಷ್ಟಿ. ನಾನು ಕೈ ತೆಗೆದು ಕಾಲಿಗೆ ಬೀಳಲು ಹೊರಟೆ.

"ಬಿಡಬ್ಯಾಡ! ಗಟ್ಟಿ ಹಿಡಿ," ಎಂದು ಗದರಿದಳು. "ಇಷ್ಟ ದಿನ ಕೈ ಸುಟಗೊಂಡು ಬಗ್ಗಿಸೀದಿ, ಈಗ ಮುರೀತಿಯೇನ?"

"ನಿನಗ ಮೈಲಿಗಿ ಆತಲ್ಲಜ್ಜೀ..."

"ಆತು. ಸ್ನಾನ ಮಾಡ್ತೇನಿ. ಭಜನಿ ತಬಲಾಕ್ಕ ಬದನಿಕಾಯಿ ತೊಗಲ ಹಚ್ಯಾರೇನ, ಹುಚ್ಚಿ? ಬಾರಸೂದಕ್ಕ ತೊಗಲು ನಡೀತದ. ಬಾಣಂತಿ ಬಾಯಿಗೆ ಸುಳ್ಳು ಹಾಕೂದು ನಡ್ಯಂಗಿಲ್ಲ."

ಹರಳುಗಳನ್ನು ನನ್ನ ಮುಂದೆ ಸುರಿದು ಎರಡನೆಯ ಸ್ನಾನಕ್ಕೆ ಹೋದಳು. ಹೋಗುತ್ತಲೇ ಶಿಕ್ಷೆ ವಿಧಿಸಿದಳು: ಪೇಟೆಯಿಂದ ಒಳ್ಳೆಯ ಅಂಟು ತಂದು, ಕೊಬ್ಬರಿ ತುರಿದು, ಉಂಡೆಗಳನ್ನು ನಾನೇ ಕಟ್ಟಬೇಕು. ಕೆಲವು ಚೌಕಾಗಿರುವುದು ಅದಕ್ಕೇ. ಪಕ್ಕೆ ಮಾತ್ರ ಭದ್ರವಾಗಿ ಕೂತಿದೆ. ಬೆಳಿಗ್ಗೆ ಉಗುರಿನಿಂದ ತಟ್ಟಿ ನೋಡಿದೆ. ಈಗ ನೀನು ನಿಶ್ಚಿಂತೆಯಿಂದ ತಿನ್ನು. ಕೂಸಿಗೆ ನನ್ನದೊಂದು ಮುತ್ತು.

ಇಂತಿ, ಅಜ್ಜಿಯ ಆಜ್ಞೆಯಂತೆ ಇನ್ನು ಮೇಲೆ ಸತ್ಯವನ್ನೇ ನುಡಿಯಲಿರುವ
ಸಂಪದಾ

ತಾ.ಕ.: ಸತ್ಯವೆಂದಮೇಲೆ ಇದನ್ನೂ ಹೇಳಿಬಿಡುತ್ತೇನೆ. ಕೂಗುವ ಮುನ್ನ ಒಂದು ಉಸಿರು ತಡೆದಿದ್ದೆ: ವಯೊಲಿನ್ನೋ, ಅಕ್ಕನೋ? ಗೆದ್ದವಳು ನೀನೇ. ಆದರೆ ಭಾರೀ ಅಂತರದಿಂದಲ್ಲ.