ಎರಡು 'ನಾವು'

ಮೂರನೇ ಕಿಟಕಿಯ ಬಸ್ಸಾನಿ ಸಾಹೇಬರಿಗೆ,

ವಲಸೆ ಕಚೇರಿಯಲ್ಲಿರುವ ನನ್ನ ಹೇಳಿಕೆಯನ್ನು ದಯವಿಟ್ಟು ಇವತ್ತೇ ತಿದ್ದಿ. "ನಾವು ಕಾಗದಪತ್ರವಿಲ್ಲದೆ ಪರಾನಾ ನದಿ ದಾಟಿದೆವು" ಎಂದು ನಿಮ್ಮ ಕಚೇರಿಯ ದುಭಾಷಿ ನಿದಿಯಾಗೆ ನಮ್ಮ ಗ್ವಾರಾನಿ ಭಾಷೆಯಲ್ಲಿ ಹೇಳಿದವಳು ನಾನು. ನೀವು ಆ 'ನಾವು' ಎಂಬುದರಲ್ಲಿ ಅವಳನ್ನೂ ಸೇರಿಸಿ ಕೆಲಸದಿಂದ ತೆಗೆದಿರಿ. ಅವಳು ಹುಟ್ಟಿದ್ದೇ ಈ ದಡದಲ್ಲಿ!

ನಾನು ಅಂದದ್ದು 'ಓರೆ': ಕೇಳುವವರನ್ನು ಬಿಟ್ಟು ನಾವು, ಅಂದರೆ ನಾನು ಮತ್ತು ನನ್ನ ಗಂಡ. ಕೇಳುವವರೂ ಸೇರಿದರೆ 'ನ್ಯಾಂದೆ'. ನಿಮ್ಮ ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ ಒಂದೇ ಪದ. ನಿನ್ನೆ ಇದನ್ನು ಹೇಳಲು ಬಂದರೆ, "ನಾವು ಅಂದ್ರೆ ನಾವೇ ಕಣಮ್ಮ, ಅದ್ರಲ್ಲೂ ಎರಡು ಥರ ಇರುತ್ತಾ?" ಎಂದು ನಕ್ಕು ಕಿಟಕಿ ಮುಚ್ಚಿದಿರಿ.

ಬೇಕಾದರೆ ಇಲ್ಲಿ ನೆಲೆಸಲು ನಾನು ಕೊಟ್ಟ ಅರ್ಜಿ ಹರಿದುಹಾಕಿ, ಅವಳ ಕೆಲಸ ಅವಳಿಗೆ ವಾಪಸ್ ಕೊಡಿ. ನಾನು ಹೇಳುತ್ತಿದ್ದೇನೆ, ನಿದಿಯಾ ಇದನ್ನು ಸ್ಪ್ಯಾನಿಷ್‌ನಲ್ಲಿ ಬರೆಯುತ್ತಿದ್ದಾಳೆ. ನಾಳೆ ಎಂಟಕ್ಕೆ ನಾವು ಬರುತ್ತೇವೆ. ಈ ಸಲ ಅವಳಿಗೆ ನಾನು ಹೇಳಿದ್ದು 'ನ್ಯಾಂದೆ'.

ಇಂತಿ,
ಬ್ಲಾಸಿಯಾ ದುವಾರ್ತೆ