ಎರಡು ಹೂವಿನ ನಡುವೆ ಮೂರನೆಯದು

ಅಪ್ಪಾ,

ನಾನು ಜಮಖಂಡಿಯ ಹೈಸ್ಕೂಲಿಗೆ ಹೊರಟ ದಿನ ನೀನು ಮಗ್ಗದ ಮುಂದೆ ಕುಳಿತಲ್ಲಿಂದಲೇ ಕೇಳಿದ್ದೆ: "ಅಲ್ಲಿ ಕಲಿಯೂದು ನಮ್ಮ ಮಗ್ಗಕ್ಕ ಬರ್ತೈತೇನಲೇ?" ನಾನು ನಕ್ಕು ಬಂಡಿ ಹತ್ತಿದೆ. ನಿನಗೆ ನಿಜವಾಗಿಯೂ ತಿಳಿಯಬೇಕಾಗಿತ್ತೋ, ಇಲ್ಲಾ ಕಾಡಿಸುತ್ತಿದ್ದೆಯೋ...

ನೀನು ತೀರಿಹೋದಾಗ ಅಕ್ಕನ ಮದುವೆ ಸೀರೆ ಇನ್ನೂ ಮಗ್ಗದ ಮೇಲಿತ್ತು. ಸೆರಗಿನಲ್ಲಿ ನೀನು ಒಂದೇ ಹೂವು ನೇಯ್ದಿದ್ದೆ, ಉದ್ದಕ್ಕೆ ಓಡುವ ಹಾಸಿನೆಳೆಗಳಲ್ಲಿ ಅಂಚಿನಿಂದ ಇಪ್ಪತ್ತನೆಯದಕ್ಕೆ, ಅಡ್ಡ ಹೋಗುವ ಹೊಕ್ಕಿನೆಳೆಗಳಲ್ಲಿ ನಲವತ್ತನೆಯದಕ್ಕೆ. ಎರಡನೆಯದು ನೂರನೇ ಹಾಸು, ನೂರಾ ಇಪ್ಪತ್ತನೇ ಹೊಕ್ಕಿಗೆ ಎಂದು ಚೀಟಿಯಲ್ಲಿ ಬರೆದಿಟ್ಟಿದ್ದೆ. ಇವೆರಡರ ನಟ್ಟನಡುವೆ ಮೂರನೆಯದೊಂದು ಬರುತ್ತದೆಂದು ಅಕ್ಕನಿಗೆ ಮಾತು ಕೊಟ್ಟಿದ್ದೆಯಲ್ಲ, ಅದರ ಲೆಕ್ಕ ಮಾತ್ರ ಚೀಟಿಯಲ್ಲಿರಲಿಲ್ಲ. ನಡು ಬೇಕಾದಾಗ ನೀನು ಎಳೆ ಹಿಡಿದು ಮಡಚುತ್ತಿದ್ದೆ. ಎರಡನೇ ಹೂವೇ ಇನ್ನೂ ಇಲ್ಲದಾಗ ಎಳೆ ಎಲ್ಲಿಂದ ಎಲ್ಲಿಗೆ ಹಿಡಿಯುವುದು? ತಪ್ಪಿದರೆ ನೀನು ನೇಯ್ದ ಕೊನೆಯ ಸೀರೆ ಕೆಡುತ್ತಿತ್ತು.

ಅವ್ವ ಮಗ್ಗಕ್ಕೆ ಕುಳಿತಾಗ ನಾನು ಸಾಲೆಯ ಜಾಣತನ ತೋರಿಸಿದೆ. ಹಾಸಿನ ಅಂತರ ಎಂಬತ್ತು, ಅರ್ಧ ನಲವತ್ತು. ಹೊಕ್ಕಿನದೂ ಅಷ್ಟೇ. "ನಲವತ್ತನೇ ಹಾಸು, ನಲವತ್ತನೇ ಹೊಕ್ಕು" ಎಂದೆ. ಅವ್ವ ಕೈ ನಿಲ್ಲಿಸಿದಳು.

"ಶಾಣ್ಯಾ, ನಲವತ್ತನೇ ಹೊಕ್ಕು ನಿಮ್ಮಪ್ಪ ಆಗಲೇ ನೇದು ಹೋಗ್ಯಾನಲ್ಲೋ. ಹೂವಿನಿಂದ ಎಣಸೂದು ಬಿಟ್ಟು ಅಂಚಿನಿಂದ ಯಾಕ ಎಣಸ್ತಿ?"

ನೀನು ಹೋದ ಮೇಲೆ ಅವಳು ನಕ್ಕದ್ದು ಅಂದೇ.

ಹೂವಿನಿಂದ ಎಣಿಸಿದೆ: ಅರವತ್ತನೇ ಹಾಸು, ಎಂಬತ್ತನೇ ಹೊಕ್ಕು. ಮಾಸ್ತರರು ಕಲಿಸಿದಂತೆ ಎರಡು ಹಾಸು ಕೂಡಿಸಿ ಅರ್ಧ ಮಾಡಿದೆ, ಎರಡು ಹೊಕ್ಕು ಕೂಡಿಸಿ ಅರ್ಧ ಮಾಡಿದೆ. ಮತ್ತೆ ಅದೇ ಅರವತ್ತು, ಅದೇ ಎಂಬತ್ತು. ಆದರೂ ಅಳುಕು ಹೋಗಲಿಲ್ಲ. ಹೂವಿಗೂ ಹೂವಿಗೂ ಓರೆಯಾಗಿ ಗೆರೆ ಎಳೆದರೆ ಅದು ಅಡ್ಡವೂ ಅಲ್ಲ, ಉದ್ದವೂ ಅಲ್ಲ. ಅಡ್ಡದ್ದನ್ನು ಬೇರೆ, ಉದ್ದದ್ದನ್ನು ಬೇರೆ ಅರ್ಧ ಮಾಡಿದರೆ ಓರೆಗೆರೆಯ ನಡು ಹೇಗೆ ಸಿಕ್ಕೀತು? ನೀನಿದ್ದಿದ್ದರೆ ಕೇಳುತ್ತಿದ್ದೆ. ನೀನು ಒಂದು ಎಳೆ ಕಿತ್ತು...

ಅವ್ವ ನನ್ನ ಲೆಕ್ಕದಂತೆಯೇ ನೇಯ್ದಳು. ನಿನ್ನೆ ಸೀರೆ ಮಗ್ಗದಿಂದ ಇಳಿಯಿತು. ಅವ್ವ ನಿನ್ನ ಹೂವಿನಿಂದ ತಾನು ನೇಯ್ದ ಎರಡನೇ ಹೂವಿಗೆ ಒಂದು ಎಳೆ ಹಿಡಿದು ಅಳತೆಗೆ ಹರಿದಳು. ಅದನ್ನು ಎರಡು ಮಡಿಕೆ ಮಾಡಿ, ತುದಿಗಳನ್ನು ನಿನ್ನ ಹೂವಿನ ಮೇಲಿಟ್ಟು, ಮೂರನೆಯದರ ಕಡೆಗೆ ಎಳೆದಳು. ಮಡಚಿದ ಜಾಗ ಆ ಹೂವಿನ ನಡುಬೊಟ್ಟಿನ ಮೇಲೆಯೇ ಬಂತು. ಅಕ್ಕ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ.

ಬರ್ತೈತಿ ಅಪ್ಪಾ. ಮಗ್ಗಕ್ಕ ಬರ್ತೈತಿ.